ಹಸಿರು ಚುಕ್ಕೆಯ ಜಾಡಿಗಳು

ಕಡ್ಡಿಯ ಪತ್ರ ಬಂದ ಮೇಲೆ ಹುಳದಕ್ಕ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಪ್ರಯೋಗಾಲಯದಿಂದ ತನ್ನ ಕೋಣೆಗೆ, ಕೋಣೆಯಿಂದ ಪ್ರಯೋಗಾಲಯಕ್ಕೆ ಓಡಾಡಿದಳು. ಎರಡರ ನಡುವೆ ಇಪ್ಪತ್ತೆರಡೇ ಹೆಜ್ಜೆ. ಆದರೆ ಅವಳು ಆ ದಿನ ನಡೆದದ್ದನ್ನೆಲ್ಲ ನೇರ ಮಾಡಿ ಹಾಸಿದ್ದರೆ ಊರಾಚೆಯ ಕಾಲುವೆ ಮುಟ್ಟಿ ಮಿಗುತ್ತಿತ್ತು. ಪತ್ರವೇನೂ ಉದ್ದದ್ದಲ್ಲ, ನಾಲ್ಕೇ ಸಾಲು.

"ಮೇಡಂ, ನಿಮ್ಮ ಪ್ರಯೋಗವನ್ನು ನೀವು ಬರೆದಂತೆಯೇ ಇಲ್ಲಿ ಏಳು ಸಲ ಮಾಡಿದೆ. ನನ್ನ ಹುಳುಗಳು ಮೊಟ್ಟೆ ಇಡುತ್ತಿಲ್ಲ. ನಾನು ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ತಿಳಿಸಿ. ತಪ್ಪು ನನ್ನದೇ ಇರಬೇಕು."

ಕೊನೆಯ ಸಾಲನ್ನು ಅವಳು ಮತ್ತೆ ಮತ್ತೆ ಓದಿದಳು. ಕಡ್ಡಿ ಅವಳ ಹಳೆಯ ಶಿಷ್ಯ, ಎರಡು ವರ್ಷದ ಹಿಂದೆ ಬೇರೆ ಊರಿನ ಕಾಲೇಜಿಗೆ ಹೋದವನು. ಸಣಕಲನೆಂದು ಆ ಹೆಸರು ಬಿತ್ತೋ, ಮಾತೆಲ್ಲ ಕಡ್ಡಿ ಮುರಿದಂತೆ ಆಡುತ್ತಾನೆಂದು ಬಿತ್ತೋ, ಈಗ ಯಾರಿಗೂ ನೆನಪಿಲ್ಲ. ಅಂಥವನು 'ದಯವಿಟ್ಟು' ಎಂದು ಬರೆಯುತ್ತಾನೆಂದರೆ, 'ತಪ್ಪು ನನ್ನದೇ' ಎಂದು ಬಗ್ಗುತ್ತಾನೆಂದರೆ, ಒಳಗೊಳಗೇ ಅವನಿಗೆ ಬೇರೇನೋ ಅನ್ನಿಸಿದೆ ಎಂದೇ ಅರ್ಥ.

ಹುಳದಕ್ಕ ಎಂದು ಇಡೀ ಸಂಸ್ಥೆ ಕರೆಯುತ್ತಿದ್ದುದು ಅವಳು ಬಸವನಹುಳುಗಳ ನರಗಳನ್ನೂ ಹಾರ್ಮೋನುಗಳನ್ನೂ ಹಿಡಿದು ಕೂತವಳಾದ್ದರಿಂದ. ಎದುರಿಗೆ ಮೇಡಂ, ಬೆನ್ನ ಹಿಂದೆ ಹುಳದಕ್ಕ. ಅವಳಿಗೂ ಗೊತ್ತಿತ್ತು, ಬೇಜಾರಿರಲಿಲ್ಲ. ಕಾಲುವೆಯ ಅಂಚಿನಲ್ಲಿ ಸಿಗುವ, ಹೆಬ್ಬೆರಳ ಉಗುರಿನಷ್ಟು ದೊಡ್ಡ ಕಂದು ಹುಳುಗಳು ಅವು. ಪ್ರತಿಯೊಂದೂ ತಾಯಿಯೂ ಹೌದು, ತಂದೆಯೂ ಹೌದು. ನಮಗಿರುವಂಥ ಮೆದುಳು ಅವಕ್ಕಿಲ್ಲ. ಗಂಟಲಿನ ಸುತ್ತ ಉಂಗುರದಂತೆ ಕಿತ್ತಳೆ ಬಣ್ಣದ ಸಣ್ಣ ಸಣ್ಣ ನರಗಂಟುಗಳಿವೆ, ಅಷ್ಟೆ. ಅದರಲ್ಲಿ ಎಡಗಡೆಯ ಒಂದು ಗಂಟಿನ ಬೆನ್ನಿನ ಮೇಲೆ ಮಬ್ಬು ಬಿಳುಪಿನ ಹನ್ನೊಂದು ಕೋಶಗಳು. 'ಮೊಟ್ಟೆ ಇಡು' ಎಂದು ಹುಳುವಿಗೆ ಅಪ್ಪಣೆ ಕೊಡುವ ಹಾರ್ಮೋನು ಸುರಿಯುವುದು ಈ ಹನ್ನೊಂದರಿಂದ ಎಂಬುದು ಅವಳ ಶೋಧ. ಬೇರೆ ಜಾತಿಯ ಹುಳುಗಳಲ್ಲಿ ಇಂಥ ಕೋಶಗಳನ್ನು ಬೇರೆಯವರು ಕಂಡಿದ್ದರು. ಈ ಕಾಲುವೆಯ ಜಾತಿಯಲ್ಲಿ ಕಂಡವಳು ಇವಳೊಬ್ಬಳೇ.

ಪ್ರಯೋಗ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಒಂದು ಹುಳುವಿನಿಂದ ಆ ಗಂಟನ್ನು ಬೆಣ್ಣೆಯೊಳಗಿನ ಕೂದಲು ತೆಗೆದಂತೆ ತೆಗೆಯಬೇಕು. ಅರೆದು ಉಪ್ಪುನೀರಿನಲ್ಲಿ ಕಲಸಿ ಮತ್ತೊಂದು ಹುಳುವಿನ ಪಾದಕ್ಕೆ ಚುಚ್ಚಬೇಕು. ಮೂರು ಗಂಟೆಯೊಳಗೆ ಆ ಹುಳು ಓಡಾಟ ನಿಲ್ಲಿಸಿ, ಗಾಜನ್ನು ನೆಕ್ಕಿ ಚೊಕ್ಕಟ ಮಾಡಿ, ಲೋಳೆಯಂಥ ಪಟ್ಟಿಯಲ್ಲಿ ಮೊಟ್ಟೆ ಅಂಟಿಸುತ್ತದೆ. ಹೋಲಿಸಿ ನೋಡಲು ಅಷ್ಟೇ ಹುಳುಗಳಿಗೆ ಬರೀ ಉಪ್ಪುನೀರು ಚುಚ್ಚಬೇಕು, ಅವು ಇಡುವುದಿಲ್ಲ. ನಲವತ್ತು ಗಾಜಿನ ಜಾಡಿ, ಜಾಡಿಗೊಂದು ಹುಳು. ಹಾರ್ಮೋನು ಚುಚ್ಚಿದ್ದಕ್ಕೆ ಮುಚ್ಚಳದ ಮೇಲೆ ಹಸಿರು ಚುಕ್ಕೆ, ಬರೀ ಉಪ್ಪುನೀರಿಗೆ ಏನೂ ಇಲ್ಲ. ಒಂಬತ್ತು ವರ್ಷ ಹಸಿರು ಚುಕ್ಕೆಯವು ಇಟ್ಟವು, ಉಳಿದವು ಇಡಲಿಲ್ಲ. ಆ ಪ್ರಬಂಧದಿಂದ ಅವಳಿಗೆ ಹೆಸರು ಬಂತು, ಹನ್ನೊಂದು ಕೋಶಗಳ ಚಿತ್ರ ಪಠ್ಯಪುಸ್ತಕಕ್ಕೆ ಹೋಯಿತು.

ಈಗ ಇನ್ನೂ ದೊಡ್ಡದೊಂದು ಬರುವುದರಲ್ಲಿತ್ತು. ಮುಂದಿನ ವಾರದ ಶುಕ್ರವಾರ ಹೊರಗಿನಿಂದ ಐದು ಜನರ ಸಮಿತಿ ಬಂದು ಅವಳ ಉಪನ್ಯಾಸ ಕೇಳುತ್ತದೆ. ಅವರು ತಲೆಯಾಡಿಸಿದರೆ ಸಂಸ್ಥೆಯಲ್ಲಿ ಹಾರ್ಮೋನಿಗೆಂದೇ ಹೊಸ ವಿಭಾಗ, ಅದಕ್ಕೆ ಅವಳೇ ಮುಖ್ಯಸ್ಥೆ. ಇಂಥ ಹೊತ್ತಿನಲ್ಲಿ ಕಡ್ಡಿಯ ಹುಳುಗಳು ಕೈಕೊಟ್ಟಿದ್ದವು. ಅವನು ಎಲ್ಲಾದರೂ ಎಡವಿದ್ದರೆ ಸರಿ. ಅವನು ಎಡವಿಲ್ಲವೆಂದಾದರೆ ಅವಳ ಹನ್ನೊಂದು ಕೋಶ ಸುಳ್ಳು, ಒಂಬತ್ತು ವರ್ಷವೂ ಸುಳ್ಳು.

"ಅವನಿಗೆ ಕೈ ನಡುಗತ್ತೆ, ಮೊದಲಿಂದ್ಲೂ ಹಂಗೇ," ಎಂದು ಗಂಡನಿಗೆ ಹೇಳಿದಳು. ಗಂಡ ಕನ್ನಡಕದಂಗಡಿಯವನು, ಇಡೀ ದಿನ ಬೇರೆಯವರ ದೃಷ್ಟಿ ತಿದ್ದುವುದೇ ಕೆಲಸ. "ಹಾಗಾದ್ರೆ ನೀನೇ ಒಂದ್ಸಲ ಮಾಡಿ ನೋಡು, ನಿನ್ನ ಕೈ ನಡುಗಲ್ವಲ್ಲ," ಎಂದ ಅವನು.

ಮಾಡಿದಳು. ಆಗ ಜಾಡಿಯಮ್ಮ ರಜೆಯಲ್ಲಿದ್ದಳು. ಜಾಡಿ ತೊಳೆಯುವುದು, ಹುಳುಗಳಿಗೆ ಸೊಪ್ಪು ಹಾಕುವುದು, ನೀರು ನೋಡಿಕೊಳ್ಳುವುದು, ಎಲ್ಲ ಅವಳ ಕೆಲಸ. ಹುಳದಕ್ಕನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಕಣ್ಣಿನ ಪೊರೆ ತೆಗೆಸಲು ಮೂರು ವಾರ ರಜೆ ಹಾಕಿದ್ದಳು. ಅವಳಿಲ್ಲದೆ ಸೊಪ್ಪು ಎಲ್ಲಿದೆ, ಜರಡಿ ಎಲ್ಲಿದೆ ಎಂದು ಹುಡುಕುವುದರಲ್ಲೇ ಹುಳದಕ್ಕನಿಗೆ ಅರ್ಧ ಬೆಳಗು ಹೋಯಿತು. ನೀರಿನ ಉಸಾಬರಿಗೆ ಹೋಗಲಿಲ್ಲ, ಜಾಡಿಯಮ್ಮ ಬಂದ ಮೇಲೆ ನೋಡಿಕೊಳ್ಳಲಿ ಎಂದು ಬಿಟ್ಟಳು. ನಲವತ್ತಕ್ಕೂ ತಾನೇ ಚುಚ್ಚಿ, ಅವವುಗಳ ಜಾಡಿಗೇ ವಾಪಸು ಬಿಟ್ಟು, ಮೂರು ಗಂಟೆ ಬಿಟ್ಟು ಬಂದು ನೋಡಿದರೆ ಒಂದೇ ಒಂದು ಮೊಟ್ಟೆಯಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲ ಸಲ ಕೋಣೆಯ ತಾಪಮಾನ ಸರಿಯಿಲ್ಲ ಎಂದಳು, ಹೊಸ ಥರ್ಮಾಮೀಟರು ತರಿಸಿದಳು. ಎರಡನೆಯ ಸಲ ಸೂಜಿ ಮೊಂಡು ಎಂದಳು. ಮೂರನೆಯ ಸಲ ಉಪ್ಪು ಹಳತು ಎಂದು ಹೊಸ ಸೀಸೆ ಒಡೆದಳು. ಆ ಸಲ ಎರಡು ಹುಳು ಮೊಟ್ಟೆಯಿಟ್ಟವು: ಹಸಿರು ಚುಕ್ಕೆಯದೊಂದು, ಚುಕ್ಕೆಯಿಲ್ಲದ್ದೊಂದು. ಅದನ್ನು ನೋಡಿ ಅವಳಿಗೆ ಅಳು ಬಂತು. ಏನೂ ಇಡದಿದ್ದರೂ ಆಗುತ್ತಿತ್ತು, ಹೀಗೆ ಅಣಕಿಸಿದ ಹಾಗೆ ಸಮಸಮ ಇಡಬಾರದಿತ್ತು.

ಮನೆಯಲ್ಲಿ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಊಟ ಸೇರಲಿಲ್ಲ. ಮಾತಿನ ಮಧ್ಯೆ ಎದ್ದು ಹೋಗಿ ಕಿಟಕಿ ತೆಗೆದಳು, ಮತ್ತೆ ಎದ್ದು ಹೋಗಿ ಮುಚ್ಚಿದಳು. "ಹುಳಕ್ಕೂ ಒಂದೊಂದಿನ ಮನಸ್ಸಿರಲ್ಲ ಬಿಡು," ಎಂದು ಗಂಡ ಸಮಾಧಾನ ಹೇಳಲು ಹೋದ. "ಹುಳಕ್ಕೆ ಮನಸ್ಸಿಲ್ಲ, ಹಾರ್ಮೋನಿದೆ," ಎಂದು ಅವನ ಮೇಲೆ ಹರಿಹಾಯ್ದಳು. ಅವನು ಮುಂದೆ ಎರಡು ದಿನ ಹುಳದ ಸುದ್ದಿಗೇ ಹೋಗಲಿಲ್ಲ.

ಸೋಮವಾರ ಜಾಡಿಯಮ್ಮ ಬಂದಳು. ಕಪ್ಪು ಕನ್ನಡಕ ಹಾಕಿಕೊಂಡು, ಒಂದೊಂದೇ ಜಾಡಿಯನ್ನು ಬೆಳಕಿಗೆ ಹಿಡಿದು, "ಅಯ್ಯೋ ನನ್ ಕಂದಮ್ಮಗಳಾ, ಏನ್ ಗತಿ ಮಾಡಿದಾರೆ ನಿಮ್ಗೆ!" ಎಂದು ಗೋಳಾಡಿದಳು. ಪಾಚಿ ಕಟ್ಟಿದೆ, ಸೊಪ್ಪು ಕೊಳೆತಿದೆ, ಹೆಂಗಸರಿರುವ ಮನೆಯೋ ಇದು ಎಂದೆಲ್ಲ ಅಂದಳು. ಹುಳದಕ್ಕ ಹೂಂ ಹೂಂ ಎಂದು ಕೇಳಿಸಿಕೊಂಡಳೇ ಹೊರತು ಅವಳ ಕಿವಿ ಅಲ್ಲಿರಲಿಲ್ಲ. ನಲವತ್ತು ಹುಳುಗಳಿಗೆ ಚುಚ್ಚಿ, ಟ್ರೇ ಅವಳ ಕೈಗೆ ಕೊಟ್ಟು, ಎಂದಿನಂತೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ಗಂಟೆ ಬಿಟ್ಟು ಬಂದು ನೋಡಿದರೆ ಹಸಿರು ಚುಕ್ಕೆಯ ಇಪ್ಪತ್ತರಲ್ಲಿ ಹದಿಮೂರು ಮೊಟ್ಟೆಯಿಟ್ಟಿದ್ದವು. ಉಳಿದ ಇಪ್ಪತ್ತರಲ್ಲಿ ಒಂದು. ಹುಳದಕ್ಕ ಮೂರು ಸಲ ಎಣಿಸಿದಳು. ಆಮೇಲೆ ಜಾಡಿಯಮ್ಮನ ಒದ್ದೆ ಕೈಗಳನ್ನು ಹಿಡಿದು ಕುಲುಕಿದಳು. "ನಿಮ್ಮ ಕಾಲ್ಗುಣ ಕಣ್ರೀ ಜಾಡಿಯಮ್ಮ!"

"ನನ್ ಕಾಲ್ಗುಣ ಏನ್ ಬಂತು, ಮಂಡಿನೋವು," ಎಂದಳು ಜಾಡಿಯಮ್ಮ, ಆದರೆ ಹಿಗ್ಗಿದ್ದು ಮುಖದಲ್ಲೇ ಕಂಡಿತು.

ಕಡ್ಡಿಗೆ ಫೋನು ಮಾಡಿದಾಗ ಹುಳದಕ್ಕನ ದನಿಯಲ್ಲಿ ಗೆದ್ದವರ ಸೊಕ್ಕಿತ್ತು. "ಇಟ್ಟಿವೆ ಕಣೋ! ಹೋದ ವಾರ ಇಲ್ಲೂ ಕೈಕೊಟ್ಟಿದ್ವು, ಇವತ್ತು ಹದಿಮೂರು! ನೀನೇ ಎಲ್ಲೋ ಎಡವಿದೀಯ, ಮೊದಲಿಂದ ನೋಡ್ಕೋ."

"ಹೋದ ವಾರ ನಿಮ್ಮಲ್ಲೂ ಇಟ್ಟಿರಲಿಲ್ಲ ಅಂದ್ರಲ್ಲ ಮೇಡಂ. ಏನು ಬದಲಾಯ್ತು?"

"ಏನೂ ಬದಲಾಗಿಲ್ಲ."

"ಏನೋ ಬದಲಾಗಿರ್ಬೇಕಲ್ಲ," ಎಂದ ಕಡ್ಡಿ. ಹುಟ್ಟುಗುಣ ಸುಟ್ಟರೂ ಹೋಗದು.

ಫೋನಿಟ್ಟ ಮೇಲೆ ಅವಳು ಸುಮ್ಮನಿರಬಹುದಿತ್ತು. ಶುಕ್ರವಾರಕ್ಕೆ ನಾಲ್ಕೇ ದಿನ. ಹದಿಮೂರು ಮೊಟ್ಟೆಪಟ್ಟಿಗಳು ಕಣ್ಣೆದುರಿಗೇ ಇವೆ. ತಾನಾಗಿ ಬಂದ ಭಾಗ್ಯವನ್ನು ಕಾಲಿಂದ ಒದೆಯಬಾರದು ಎಂದು ಹಿರಿಯರೆಲ್ಲ ಹೇಳುತ್ತಾರೆ. ಆದರೆ ಅವಳ ತಲೆ ಕೇಳಬೇಕಲ್ಲ. ಬಸ್ಸಿನಲ್ಲಿ ನಿಂತಾಗ, ಬೀಗ ತೆಗೆಯುವಾಗ, ಹಲ್ಲುಜ್ಜುವಾಗ, ಏನು ಬದಲಾಯಿತು, ಏನು ಬದಲಾಯಿತು ಎಂದು ಅದೇ ಮಾತು ಕೊರೆಯಿತು. ಥರ್ಮಾಮೀಟರು ಅದೇ, ಸೂಜಿ ಅದೇ, ಉಪ್ಪು ಅದೇ, ಕೈಯೂ ಅದೇ. ಜಾಡಿಯಮ್ಮ ವಾಪಸು ಬಂದದ್ದು ಬಿಟ್ಟರೆ ಬೇರೇನೂ ಬದಲಾಗಿರಲಿಲ್ಲ.

ಮಂಗಳವಾರ ಅವಳು ಚುಚ್ಚಿ ಮುಗಿಸಿದ ಮೇಲೆ ಕೋಣೆಗೆ ಹೋಗಲಿಲ್ಲ. ಪ್ರಯೋಗಾಲಯದಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತಳು. ಒಂಬತ್ತು ವರ್ಷದಲ್ಲಿ ಇದು ಮೊದಲ ಸಲ.

"ಏನ್ ಬೇಕಿತ್ತು ಮೇಡಂ?" ಎಂದಳು ಜಾಡಿಯಮ್ಮ.

"ಏನೂ ಇಲ್ಲ. ನಿಮ್ಮ ಕೆಲಸ ನೀವು ಮಾಡಿ."

ಯಾರಾದರೂ ಹೀಗೆ ನೋಡುತ್ತ ಕೂತರೆ ಮಾಡುವ ಕೆಲಸವೂ ಕೈತಪ್ಪುತ್ತದೆ. ಜಾಡಿಯಮ್ಮ ಒಂದೆರಡು ಸಲ ತಿರುಗಿ ನೋಡಿದಳು, ಆಮೇಲೆ ಮರೆತಳು. ಚುಕ್ಕೆಯಿಲ್ಲದ ಜಾಡಿಗಳಿಗೆ ಅವವೇ ಹುಳುಗಳನ್ನು ಬಿಟ್ಟು ಕಪಾಟಿಗೆ ತಳ್ಳಿದಳು. ಹಸಿರು ಚುಕ್ಕೆಯವನ್ನು ಮಾತ್ರ ತೊಟ್ಟಿಯ ಬಳಿ ಸಾಲಾಗಿ ಇಟ್ಟುಕೊಂಡಳು. ಒಂದೊಂದರ ಹಳೇ ನೀರು ಚೆಲ್ಲಿ, ಗಾಜನ್ನು ಬಟ್ಟೆಯಿಂದ ಉಜ್ಜಿ, ಮೂಲೆಯಲ್ಲಿ ಗಾಳಿಯ ಕೊಳವೆ ಇಳಿಬಿಟ್ಟು ಗುಳುಗುಳು ಎನ್ನುತ್ತಿದ್ದ ನೀಲಿ ಡ್ರಮ್ಮಿನಿಂದ ತಿಳಿನೀರು ತುಂಬಿದಳು. ಅದಕ್ಕೆ ಹುಳುವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಿಟ್ಟಳು.

ಹುಳದಕ್ಕ ಸ್ಟೂಲಿನಲ್ಲೇ ಮುಂದಕ್ಕೆ ಬಾಗಿದಳು. "ಜಾಡಿಯಮ್ಮ, ಅವಕ್ಕೆ ಮಾತ್ರ ಯಾಕೆ ನೀರು ಬದಲಾಯಿಸ್ತೀರಿ?"

"ಇವು ಇವತ್ತು ಹೆರೋವು ಅಲ್ವಾ ಮೇಡಂ?"

"ಯಾವಾಗಿಂದ ಹೀಗೆ?"

"ಮೊದಲಿಂದ್ಲೂ. ನೀವೇ ಹೇಳಿದ್ರಲ್ಲ. ಮೊದಲ್ನೇ ವರ್ಷ, ಹಸಿರು ಚುಕ್ಕೆಯವು ಇವತ್ತು ಮೊಟ್ಟೆ ಇಡ್ತಾವೆ ಜಾಡಿಯಮ್ಮ, ಜೋಪಾನ ಅಂತ. ಆವಾಗ ಡ್ರಮ್ಮಿನ ನೀರು ಎಲ್ಲಕ್ಕೂ ಸಾಲ್ತಿರಲಿಲ್ಲ. ಅರ್ಧಕ್ಕೆ ಸಾಕಾಗೋದು. ಬಸುರಿಗೆ ಮೊದಲು, ಉಳಿದೋರಿಗೆ ನಾಳೆ ಅಂತ ನಾನೇ ಲೆಕ್ಕ ಹಾಕ್ಕೊಂಡೆ. ಕೊಳಕು ನೀರಲ್ಲಿ ಯಾರಾದ್ರೂ ಹೆರ್ತಾರಾ?" ಎಂದು ನಕ್ಕಳು. "ಒಂದಿನ ಮರೆತಿಲ್ಲ ನೋಡಿ. ಜ್ವರ ಬಂದಾಗ್ಲೂ ಬಂದು ಮಾಡಿ ಹೋಗಿದೀನಿ."

ಹುಳದಕ್ಕ ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. ತನ್ನ ಪ್ರಬಂಧದ ಎರಡನೆಯ ಪುಟದಲ್ಲಿ ತಾನೇ ಬರೆದ ಸಾಲೊಂದು ನೆನಪಾಯಿತು: ಎಲ್ಲ ಹುಳುಗಳನ್ನೂ ಒಂದೇ ರೀತಿಯಲ್ಲಿ ನೋಡಿಕೊಳ್ಳಲಾಯಿತು. ಓದಿದವರಿಗೆ ಇದೊಂದು ರೋಗ. 'ಮಾಡಲಾಯಿತು', 'ನೋಡಿಕೊಳ್ಳಲಾಯಿತು' ಎಂದು ಬರೆದುಬಿಟ್ಟರೆ ಮಾಡಿದ್ದು ಯಾರು, ನೋಡಿಕೊಂಡದ್ದು ಯಾರು ಎಂದು ಯಾರೂ ಕೇಳುವುದಿಲ್ಲ, ಬರೆದವರೂ ಕೇಳಿಕೊಳ್ಳುವುದಿಲ್ಲ.

"ಯಾಕೆ ಮೇಡಂ, ತಪ್ಪಾಯ್ತಾ?"

"ಇಲ್ಲ ಇಲ್ಲ. ಏನೂ ತಪ್ಪಾಗಿಲ್ಲ," ಎಂದಳು ಹುಳದಕ್ಕ, ಅವಳ ಮುಖ ನೋಡದೆ.

ಬುಧವಾರ ಪ್ರಯೋಗವನ್ನು ತಿರುಗುಮುರುಗು ಮಾಡಿದಳು. ಇಪ್ಪತ್ತು ಹುಳುಗಳಿಗೆ ಹಾರ್ಮೋನು ಚುಚ್ಚಿ ಹಳೇ ನೀರಿಗೇ ಬಿಡಲು ಹೇಳಿದಳು. ಇಪ್ಪತ್ತಕ್ಕೆ ಬರೀ ಉಪ್ಪುನೀರು ಚುಚ್ಚಿ ಡ್ರಮ್ಮಿನ ತಿಳಿನೀರಿಗೆ ಬಿಡಲು ಹೇಳಿದಳು. ಜಾಡಿಯಮ್ಮನಿಗೆ ಇದು ಸರಿಬರಲಿಲ್ಲ. "ಇವಕ್ಕೆ ಉಪ್ಪುನೀರಲ್ವಾ ಚುಚ್ಚಿದ್ದು? ಸುಮ್ನೆ ಒಳ್ಳೇ ನೀರು ದಂಡ," ಎಂದು ಗೊಣಗುತ್ತಲೇ ಮಾಡಿದಳು. ಮಧ್ಯಾಹ್ನ ಎಣಿಸುವಾಗ ಪಕ್ಕದಲ್ಲೇ ನಿಂತಿದ್ದಳು.

ಹಾರ್ಮೋನು ಚುಚ್ಚಿ ಹಳೇ ನೀರಲ್ಲಿದ್ದವು: ಒಂದು. ಉಪ್ಪುನೀರು ಚುಚ್ಚಿ ತಿಳಿನೀರಲ್ಲಿದ್ದವು: ಹನ್ನೆರಡು.

"ಅಯ್ಯೋ, ಇವೂ ಇಟ್ಟಿವೆಯಲ್ಲ," ಎಂದಳು ಜಾಡಿಯಮ್ಮ. ಒಂದು ಜಾಡಿಯನ್ನು ಎತ್ತಿ ಬೆಳಕಿಗೆ ಹಿಡಿದಳು, ಇನ್ನೊಂದನ್ನು ಎತ್ತಿ ಹಿಡಿದಳು. ಕಪ್ಪು ಕನ್ನಡಕವನ್ನು ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಮತ್ತೆ ನೋಡಿದಳು. ಆಮೇಲೆ ಹುಳದಕ್ಕನ ಕಡೆ ತಿರುಗಿದಳು. ದಡ್ಡಿಯೇನಲ್ಲ ಅವಳು. ಹುಳದಕ್ಕ ಅವಳ ಕಣ್ಣು ತಪ್ಪಿಸಿ ಹೊರಗೆ ನಡೆದಳು.

ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದುಕೊಂಡಿದ್ದ ಮುದುಕಿಯ ಕತೆ ಎಲ್ಲರಿಗೂ ಗೊತ್ತು. ಆ ಮುದುಕಿಯಾದರೂ ಅದನ್ನು ಪ್ರಬಂಧ ಬರೆದು ಪ್ರಕಟಿಸಿರಲಿಲ್ಲ. ಹುಳದಕ್ಕ ಕೋಣೆಯ ಬಾಗಿಲು ಹಾಕಿಕೊಂಡು ನಾಚಿಕೆಯಿಂದ ಅತ್ತಳು. ಎಷ್ಟು ಸಾವಿರ ಹುಳುಗಳ ನರಗಂಟು ಬಿಡಿಸಿದ್ದೆ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಸಂಕಟಪಟ್ಟಳು. ಅದರ ಬೆನ್ನಿಗೇ ಸಿಟ್ಟು ಬಂತು, ಅದು ಬಂದದ್ದು ಜಾಡಿಯಮ್ಮನ ಮೇಲೆ. ಯಾರು ಹೇಳಿದ್ದರು ಇವಳಿಗೆ ಬಾಣಂತನ ಮಾಡಲು?

ಗುರುವಾರ ನಿರ್ದೇಶಕರಿಗೆ ಎಲ್ಲ ಹೇಳಿದಳು. ನಿರ್ದೇಶಕರು ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಿಸ್ಸೀಮರು. ಮೊದಲು, ಹೌದೂ ಅನ್ನಬಹುದು ಇಲ್ಲವೂ ಅನ್ನಬಹುದು ಎಂದರು. ಆಮೇಲೆ, ನಾಳೆಯ ಉಪನ್ಯಾಸ ಆಗಿಹೋಗಲಿ, ತಿದ್ದುಪಡಿ ನಿಧಾನವಾಗಿ ಬರೆದರಾಯಿತು ಎಂದರು. ಹುಳದಕ್ಕ ಒಪ್ಪದೆ ಕೂತದ್ದನ್ನು ನೋಡಿ ಕುರ್ಚಿ ಮುಂದಕ್ಕೆಳೆದುಕೊಂಡರು.

"ನೋಡಿ, ಹೇಳಲೇಬೇಕು ಅಂದ್ರೆ ಹೇಳಿ. ಆದ್ರೆ ಇದು ನಿಮ್ಮ ತಪ್ಪಲ್ಲವಲ್ಲ. ಸಹಾಯಕಿಯ ಅಜಾಗರೂಕತೆ. ಹಾಗೇ ಒಂದು ಸಾಲು ಹಾಕಿ. ನಿಮ್ಮ ಹೆಸರೂ ಉಳಿಯತ್ತೆ, ವಿಭಾಗವೂ ಉಳಿಯಬಹುದು. ಆಕೇನ ಉಗ್ರಾಣಕ್ಕೆ ಹಾಕೋಣ, ಅಲ್ಲಿ ಹುಳ ಇರಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹುಳದಕ್ಕನಿಗೆ ಅದು ಗೊತ್ತಾಗಲಿಲ್ಲವೆಂದಲ್ಲ. ಗೊತ್ತಿದ್ದೂ ಕೋಣೆಗೆ ಬಂದು ಆ ಸಾಲು ಬರೆದಳು: 'ಸಹಾಯಕಿಯೊಬ್ಬರ ಅಜಾಗರೂಕತೆಯಿಂದಾಗಿ ಈ ಫಲಿತಾಂಶ ಬಂದಿತ್ತೆಂದು ಈಗ ತಿಳಿದುಬಂದಿದೆ.' ಓದಲು ಚೆನ್ನಾಗಿತ್ತು. ಒಂದು ವಾರದಿಂದ ಬಡಿದುಕೊಳ್ಳುತ್ತಿದ್ದ ಎದೆ ಸ್ವಲ್ಪ ತಣ್ಣಗಾದಂತೆಯೂ ಆಯಿತು. ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಗಂಡನ ಅಂಗಡಿಗೆ ಹೋದಳು.

ಗಂಡ ಮಸೂರವೊಂದನ್ನು ಅಂಚು ಅರೆಯುತ್ತಿದ್ದ. ಯಂತ್ರ ನಿಲ್ಲಿಸಿ, "ಓದು," ಎಂದ. ಅವಳು ಓದಿದಳು.

"ಅಜಾಗರೂಕತೆ ಅಂದ್ರೆ?"

"ಎಚ್ಚರ ಇಲ್ಲದೆ ಮಾಡಿದ್ದು."

"ಒಂಬತ್ತು ವರ್ಷ ಒಂದಿನಾನೂ ಮರೀದೆ ಮಾಡಿದ್ದಕ್ಕೆ ಎಚ್ಚರ ಇಲ್ಲದ್ದು ಅಂತೀಯಾ?" ಅವನು ಮಸೂರವನ್ನು ಉಫ್ ಎಂದು ಊದಿದ. "ಹಾಗಿದ್ರೆ ಎಚ್ಚರ ಇರೋದು ಅಂದ್ರೆ ಏನೋ, ನನಗಂತೂ ತಿಳೀದು."

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಕಾಗದವನ್ನು ಅಲ್ಲೇ ಹರಿದು ಗಾಜಿನ ಪುಡಿಯ ಬುಟ್ಟಿಗೆ ಹಾಕಿದಳು. ಅಂಗಡಿಯಿಂದ ಮನೆಗೆ ನಡೆದೇ ಬಂದಳು. ದಾರಿಯುದ್ದಕ್ಕೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಹೇಳಿದರೆ ವಿಭಾಗ ಹೋಗುತ್ತದೆ, ಹೆಸರು ಹೋಗುತ್ತದೆ, ಪಠ್ಯಪುಸ್ತಕದಲ್ಲಿ ಮಕ್ಕಳು ಮೀಸೆ ಗೀಚುವುದಕ್ಕೂ ಆ ಕೋಶಗಳ ಚಿತ್ರ ಇರುವುದಿಲ್ಲ. ಹೇಳದಿದ್ದರೆ ಕಡ್ಡಿ ಎಂಟನೆಯ ಸಲ ಮಾಡುತ್ತಾನೆ, ಒಂಬತ್ತನೆಯ ಸಲ ಮಾಡುತ್ತಾನೆ, ತಪ್ಪು ತನ್ನದೇ ಎಂದುಕೊಂಡು ಕೊನೆಗೆ ಹುಳುಗಳನ್ನೇ ಬಿಡುತ್ತಾನೆ. ಅವನ ಮುಖ ನೆನೆದಾಗ ಹೇಳುವುದೆಂದು ನಿಶ್ಚಯವಾಯಿತು. ಜಾಡಿಯಮ್ಮನ ಹೆಸರನ್ನು ಮಾತ್ರ ಎತ್ತಬಾರದು, ಯಾರಾದರೂ ಕೇಳಿದರೆ ನೀರು ಬದಲಾಯಿಸಿದ್ದು ನಾನೇ ಎಂದುಬಿಡಬೇಕು. ಇಷ್ಟು ಗಟ್ಟಿ ಮಾಡಿಕೊಂಡ ಮೇಲೆ ಅವಳಿಗೆ ತನ್ನ ಬಗ್ಗೆ ತನಗೇ ಒಂದು ಚೂರು ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಶುಕ್ರವಾರ ಬೆಳಿಗ್ಗೆ ಜಾಡಿಯಮ್ಮನಿಗೆ ಮೊದಲೇ ತಿಳಿಸಬೇಕೆಂದು ಎರಡು ಸಲ ಪ್ರಯೋಗಾಲಯದ ಬಾಗಿಲವರೆಗೆ ಹೋದಳು. ಎರಡು ಸಲವೂ ಏನೆಂದು ಶುರುಮಾಡುವುದು ತಿಳಿಯದೆ ವಾಪಸು ಬಂದಳು.

ಸಭಾಂಗಣ ದೊಡ್ಡದು, ಸಮಿತಿ ಐದೇ ಜನ. ಖಾಲಿ ಕುರ್ಚಿಗಳು ಕಣ್ಣಿಗೆ ಹೊಡೆಯಬಾರದೆಂದು ನಿರ್ದೇಶಕರು ಕಚೇರಿಯವರನ್ನೂ ಉಗ್ರಾಣದವರನ್ನೂ ಸಹಾಯಕರನ್ನೂ ಕರೆಸಿ ಕೂರಿಸಿದ್ದರು. ಕೊನೆಯ ಸಾಲಿನಲ್ಲಿ ಕಪ್ಪು ಕನ್ನಡಕದ ಜಾಡಿಯಮ್ಮ ಕೂತಿದ್ದಳು. ಅವಳು ಬರುತ್ತಾಳೆಂದು ಹುಳದಕ್ಕನಿಗೆ ಹೊಳೆದೇ ಇರಲಿಲ್ಲ.

ಹನ್ನೊಂದು ಕೋಶಗಳ ಚಿತ್ರ ಪರದೆಯ ಮೇಲೆ ಬಂತು. ಐದು ತಲೆಗಳೂ ಮೆಚ್ಚಿ ಆಡಿದವು.

"ಈ ಕೋಶಗಳು ಇರೋದು ನಿಜ," ಎಂದಳು ಹುಳದಕ್ಕ. "ಇವು ಮೊಟ್ಟೆಗೆ ಅಪ್ಪಣೆ ಕೊಡ್ತವೆ ಅಂತ ನಾನು ಹೇಳಿದ್ದು ಸುಳ್ಳು. ಬೇಕಂತ ಹೇಳಿದ ಸುಳ್ಳಲ್ಲ, ಆದ್ರೂ ಸುಳ್ಳು. ನಮ್ಮಲ್ಲಿ ಒಂಬತ್ತು ವರ್ಷ ಹುಳುಗಳು ಮೊಟ್ಟೆ ಇಟ್ಟದ್ದು ಚುಚ್ಚಿದ್ದರಿಂದಲ್ಲ. ಹಾರ್ಮೋನಿನ ಜಾಡಿಗಳಿಗೆ ಮಾತ್ರ ಹೊಸ ತಿಳಿನೀರು ಬೀಳ್ತಿತ್ತು, ಉಳಿದವಕ್ಕೆ ಹಳೇ ನೀರು. ತಿಳಿನೀರು ಸಿಕ್ಕಿದ್ದಕ್ಕೆ ಇಟ್ಟವು." ಬುಧವಾರದ ಎರಡು ಸಂಖ್ಯೆಗಳನ್ನು ತೋರಿಸಿದಳು. "ನನ್ನ ಪ್ರಬಂಧವನ್ನು ವಾಪಸು ತಗೋತಿದೀನಿ."

ಸಮಿತಿಯ ಹಿರಿಯರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. "ನೀರು ಬದಲಾಯಿಸ್ತಿದ್ದದ್ದು ಯಾರು?"

ನಿರ್ದೇಶಕರು ಕತ್ತು ತಿರುಗಿಸಿ ಕೊನೆಯ ಸಾಲಿನ ಕಡೆ ನೋಡಿದರು.

"ನಾನು," ಎಂದಳು ಹುಳದಕ್ಕ.

ಹಿಂದೆ ಕುರ್ಚಿ ಸರಿದ ಸದ್ದಾಯಿತು. "ಇಲ್ಲ ಸಾರ್," ಎಂದಳು ಜಾಡಿಯಮ್ಮ.

ಎಲ್ಲರೂ ತಿರುಗಿದರು. ಅವಳು ಎದ್ದು ನಿಂತಿದ್ದಳು, ಎರಡು ಕೈಯಲ್ಲೂ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು. ಹುಳದಕ್ಕ ಬೇಡ ಎನ್ನುವಂತೆ ತಲೆಯಾಡಿಸಿದಳು. ಪಾಪ, ನನ್ನನ್ನು ಉಳಿಸಲು ನಿಂತಿದ್ದಾಳೆ ಎಂದುಕೊಂಡಳು, ಕಣ್ಣು ತುಂಬಿ ಬಂತು.

"ಜಾಡಿಯಮ್ಮ, ಕೂತ್ಕೊಳ್ಳಿ. ನಾನು ಹೇಳಿದೀನಲ್ಲ."

"ನೀವು ಹೇಳಿದ್ದು ಸುಳ್ಳು ಮೇಡಂ. ನೀರು ನಾನು ಬದಲಾಯಿಸಿದ್ದು. ಒಂಬತ್ತು ವರ್ಷ." ಅವಳು ಸಮಿತಿಯ ಹಿರಿಯರ ಕಡೆ ತಿರುಗಿದಳು. "ಇವರು ಒಂದಿನಾನೂ ನೀರು ಮುಟ್ಟಿಲ್ಲ ಸಾರ್. ಸೂಜಿ ಚುಚ್ಚಿ ಹೊರಟ್ಹೋಗ್ತಿದ್ರು. ಆಮೇಲೆ ನೀವೇನ್ ಮಾಡ್ತೀರಿ ಅಂತ ಒಂದ್ಸಲ ಕೇಳಿದ್ದಿದ್ರೆ ಅವತ್ತೇ ಹೇಳ್ತಿದ್ದೆ. ಮುಚ್ಚಿಡೋಕೆ ಏನಿತ್ತು ಅದರಲ್ಲಿ? ಕೇಳ್ಲಿಲ್ಲ. ಈಗ ನೋಡಿದ್ರೆ ಅದನ್ನೂ ತಾನೇ ಮಾಡಿದ್ದು ಅಂತಾರೆ. ಹುಳ ಮೊಟ್ಟೆ ಇಟ್ಟದ್ದು ನನ್ನ ನೀರಿಗೆ. ತಪ್ಪೋ ಸರಿಯೋ, ಆ ಕೆಲಸ ನಂದು. ಅದನ್ನ ಅವರ ಹೆಸರಿಗೆ ಬರ್ಕೋಬೇಡಿ."

ನಿರ್ದೇಶಕರು ಎದ್ದು ಏನೋ ಹೇಳಲು ಹೋದರು. ಹಿರಿಯರು ಕೈಯೆತ್ತಿ ಅವರನ್ನು ತಡೆದರು. "ಇದು ನಿಜವೇ?" ಎಂದು ಹುಳದಕ್ಕನನ್ನು ಕೇಳಿದರು.

ನಿನ್ನೆ ಸಂಜೆಯಿಂದ ಎದೆಯಲ್ಲಿಟ್ಟುಕೊಂಡಿದ್ದ ಹೆಮ್ಮೆ ಸಭೆಯ ಎದುರಿಗೇ ಕರಗಿ ಕಾಲಿನ ಬುಡಕ್ಕಿಳಿಯಿತು. ಪ್ರಬಂಧ ಸುಳ್ಳಾದಾಗಲೂ ಇಷ್ಟು ನಾಚಿಕೆಯಾಗಿರಲಿಲ್ಲ.

"ನಿಜ," ಎಂದಳು. "ನಾನು ಕೇಳಲಿಲ್ಲ."

ಅವಳು ವೇದಿಕೆ ಇಳಿದಳು. ಪರದೆಯ ಮೇಲಿನ ಚಿತ್ರ ಆರಿಸುವುದನ್ನೂ ಮರೆತು, ಸಮಿತಿಯವರನ್ನು ದಾಟಿ, ಕಚೇರಿಯವರನ್ನು ದಾಟಿ ಕೊನೆಯ ಸಾಲಿಗೆ ಬಂದಳು. ಜಾಡಿಯಮ್ಮ ಇನ್ನೂ ನಿಂತೇ ಇದ್ದಳು. ಹುಳದಕ್ಕ ಅವಳ ಪಕ್ಕದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಪುಸ್ತಕ ಬಿಡಿಸಿ ಪೆನ್ನು ತೆಗೆದಳು.

"ಆ ನೀಲಿ ಡ್ರಮ್ಮಿನ ನೀರಿಗೆ ಎಷ್ಟು ಹೊತ್ತು ಗಾಳಿ ಬಿಡ್ತೀರಿ, ಜಾಡಿಯಮ್ಮ?"

ಜಾಡಿಯಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೂತಳು. "ಹಿಂದಿನ ದಿನ ಬೆಳಿಗ್ಗೆಯಿಂದ," ಎಂದಳು. "ಬರ್ಕೊಳ್ಳಿ, ನಿಧಾನಕ್ಕೆ ಹೇಳ್ತೀನಿ."